ಬೆನ್ನು ನೋಡಿ ಹೆಸರು ಬರೆದ ಎರಡು ವರ್ಷ

ಚಿತ್ರದುರ್ಗದ ಒಂದು ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಲ್ಯಾಬ್ ಅಟೆಂಡರ್. ಕೀಟದ ಪೆಟ್ಟಿಗೆಗಳು ನನ್ನ ಜವಾಬ್ದಾರಿ. ನುಸಿಗುಳಿಗೆ ಬದಲಿಸಬೇಕು, ಬೂಷ್ಟು ಒರೆಸಬೇಕು, ಮುರಿದ ಕಾಲು ಅಂಟಿಸಬೇಕು, ಮಾಸಿದ ಚೀಟಿ ಹೊಸದಾಗಿ ಬರೆಯಬೇಕು. ಈ ಕೊನೆಯ ಕೆಲಸದಲ್ಲೇ ನಾನು ತಪ್ಪಿದ್ದು.

ಸೇರಿದ ಹೊಸತರಲ್ಲಿ ಹಳೇ ಚೀಟಿಗಳೆಲ್ಲ ಓದಲಾಗದಷ್ಟು ಮಾಸಿಹೋಗಿದ್ದವು. ದೊಡ್ಡದು, ಕಪ್ಪಗಿದೆ, ಕಾಲು ಉದ್ದ ಇದೆ ಅಂತ ಕಂಡದ್ದನ್ನೆಲ್ಲ ಒಂದೇ ಪೆಟ್ಟಿಗೆಗೆ ಚುಚ್ಚಿ ‘ನೆಲದ ಜೀರುಂಡೆಗಳು’ ಅಂತ ಬರೆದೆ. ಒಟ್ಟು 14 ಹುಳ. ಎರಡು ವರ್ಷ ಮಕ್ಕಳು ಅದನ್ನೇ ನೋಡಿ ರೆಕಾರ್ಡ್ ಪುಸ್ತಕಕ್ಕೆ ಚಿತ್ರ ಬರೆದುಕೊಂಡರು.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಮೇಡಂ ಒಬ್ಬರು ಆ ಪೆಟ್ಟಿಗೆ ಮುಂದೆ ತುಂಬ ಹೊತ್ತು ನಿಂತರು.

“ಇದನ್ನ ಜೋಡಿಸಿದ್ದು ಯಾರು?”

“ನಾನೇ ಮೇಡಂ.”

“ಹೊಟ್ಟೆ ಕಡೆ ತಿರುಗಿಸಿ ನೋಡಿದ್ದೀರಾ?”

ನೋಡಿರಲಿಲ್ಲ. ಅವರು ಬೈಯಲಿಲ್ಲ. ಪಕ್ಕದಲ್ಲಿ ಸ್ಟೂಲ್ ಎಳೆದು ಕೂರಿಸಿಕೊಂಡು, ಭೂತಗನ್ನಡಿ ನನ್ನ ಕೈಗೆ ಕೊಟ್ಟು, ಒಂದೊಂದನ್ನೇ ಗುಂಡುಸೂಜಿ ಹಿಡಿದು ತಿರುಗಿಸಿದರು.

ಮೊದಲು ತಿರುಗಿಸಿದ್ದು ನಮ್ಮ ಕಡೆಯ ಆರು ಚುಕ್ಕೆಯ ದೊಡ್ಡ ಜೀರುಂಡೆ. ಜೋಗಿಮಟ್ಟಿ ಕಡೆ ಓಡಾಡುವವರು ನೋಡಿರಬಹುದು. ನಾಲ್ಕು ಸೆಂಟಿಮೀಟರ್ ಉದ್ದ, ಕಡುಕಪ್ಪು, ಎದೆಯ ಮೇಲೆ ಎರಡು ಬಿಳಿ ಚುಕ್ಕೆ, ಬೆನ್ನಿನ ಮೇಲೆ ನಾಲ್ಕು. ಅದರ ಹೊಟ್ಟೆಯ ಕಡೆ, ಹಿಂಗಾಲು ಮೈಗೆ ಸೇರುವಲ್ಲಿ ಒಂದು ದೊಡ್ಡ ಚಪ್ಪಟೆ ತುಂಡಿದೆ. ಅದಕ್ಕೆ ಕಾಕ್ಸಾ ಅನ್ನುತ್ತಾರೆ. ಅದು ಅಲ್ಲಾಡುವುದಿಲ್ಲ, ಮೈಗೆ ಬೆಸೆದುಕೊಂಡಿದೆ. ಹಿಂದಕ್ಕೆ ಚಾಚಿ ಹೊಟ್ಟೆಯ ಮೊದಲ ಪಟ್ಟಿಯನ್ನು ನಡುವೆ ಸೀಳಿಬಿಟ್ಟಿದೆ. ಹಾಗಾಗಿ ಆ ಪಟ್ಟಿ ಎಡಕ್ಕೊಂದು ಬಲಕ್ಕೊಂದು ಚೂರಾಗಿ ಮಾತ್ರ ಕಾಣುತ್ತದೆ. ಅದಕ್ಕೆ ಅಂಟಿಕೊಂಡ ಹಾಗೆ ಅವರೆಕಾಳಿನ ಆಕಾರದ ಇನ್ನೊಂದು ತುಂಡು. ನಾನು ಅಷ್ಟು ವರ್ಷ ಒರೆಸಿದ ಹುಳದಲ್ಲಿ ಇಷ್ಟೆಲ್ಲ ಇದೆ ಅಂತ ಅವತ್ತೇ ಗೊತ್ತಾದದ್ದು.

ಆ ಸೀಳಿದ ಪಟ್ಟಿ ಸಣ್ಣ ವಿಷಯ ಅಲ್ಲ. ಜೀರುಂಡೆಗಳನ್ನು ನಾಲ್ಕು ದೊಡ್ಡ ಪಂಗಡ ಮಾಡಿದ್ದಾರೆ. ಅದರಲ್ಲಿ ಅಡೆಫಾಗಾ ಪಂಗಡದ ಗುರುತೇ ಇದು. ನೆಲದ ಜೀರುಂಡೆಗಳ ಕುಟುಂಬ ಕ್ಯಾರಬಿಡೆ ಅದರೊಳಗೆ ಬರುತ್ತದೆ. ಕೆರೆಯಲ್ಲಿ ಮುಳುಗಿ ಈಜುವ ಜೀರುಂಡೆಯೂ ಅದೇ ಪಂಗಡ. ಬಣ್ಣ, ಗಾತ್ರ ಹೇಗೆ ಬೇಕಾದರೂ ಬದಲಾಗಬಹುದು, ಈ ಗುರುತು ಬದಲಾಗುವುದಿಲ್ಲ.

ಇನ್ನೊಂದು ಹುಳ ತಿರುಗಿಸಿದೆವು. ಮೇಲಿಂದ ಥೇಟ್ ಅಣ್ಣತಮ್ಮನ ಹಾಗೆ. ಕೆಳಗೆ ಹೊಟ್ಟೆಯ ಮೊದಲ ಪಟ್ಟಿ ಇಡಿಯಾಗಿಯೇ ಇತ್ತು. “ಪಾದದ ಗೆಣ್ಣು ಎಣಿಸಿ” ಅಂದರು. ಮುಂಗಾಲಿಗೆ ಐದು, ನಡುಗಾಲಿಗೆ ಐದು, ಹಿಂಗಾಲಿಗೆ ನಾಲ್ಕೇ. ಕಾಲು ಮುರಿದಿರಬೇಕು ಅಂದುಕೊಂಡೆ. ಆ ಕಡೆಯ ಕಾಲಿನಲ್ಲೂ ನಾಲ್ಕೇ. ಅದು ಟೆನೆಬ್ರಿಯೊನಿಡೆ ಕುಟುಂಬ. ನಮ್ಮ ಮನೆಗಳಲ್ಲಿ ರವೆ, ಹಿಟ್ಟಿಗೆ ಬೀಳುತ್ತದಲ್ವಾ ಸಣ್ಣ ಕೆಂಪು ಹುಳ, ಅದರ ನೆಂಟ. ನೆಲದ ಜೀರುಂಡೆಗೆ ಆರೂ ಕಾಲಿಗೆ ಐದೈದು ಗೆಣ್ಣು. ಒಂದು ಹೆಚ್ಚಾಗಿ ಬೇಟೆಯಾಡಿ ತಿನ್ನುವ ಹುಳ, ಇನ್ನೊಂದು ಹೆಚ್ಚಾಗಿ ಒಣಗಿದ್ದು ಕೊಳೆತದ್ದು ತಿಂದು ಬದುಕುವ ಹುಳ. 14ರಲ್ಲಿ 5 ಹೀಗೆ ತಪ್ಪು ಮನೆ ಸೇರಿದ್ದವು.

ಇದಕ್ಕಿಂತ ಜಾಸ್ತಿ ನಾಚಿಕೆಯಾದದ್ದು ಮುಂದಿನ ತಪ್ಪಿಗೆ. ಚುಕ್ಕೆಯೇ ಇಲ್ಲದ ಒಂದು ದೊಡ್ಡ ಕರಿ ಹುಳಕ್ಕೆ ನಾನು ‘ಬೇರೆ ಜಾತಿ’ ಅಂತ ಚೀಟಿ ಹಾಕಿದ್ದೆ. ಮೇಡಂ ಅದನ್ನು ಬೆಳಕಿಗೆ ಓರೆ ಹಿಡಿದು ತೋರಿಸಿದರು. ಚುಕ್ಕೆ ಇರಬೇಕಾದ ಜಾಗದಲ್ಲಿ ನಾಲ್ಕಾರು ಬಿಳಿ ಕೂದಲು ಉಳಿದಿದ್ದವು. ಆ ಚುಕ್ಕೆ ಬಣ್ಣ ಅಲ್ಲ, ದಟ್ಟವಾಗಿ ಬೆಳೆದ ಬಿಳಿ ಕೂದಲು. ಉಜ್ಜಿದರೆ ಉದುರುತ್ತದೆ. ಉಜ್ಜಿದ್ದು ನಾನೇ ಇರಬೇಕು. ಬೂಷ್ಟು ಒರೆಸುವಾಗ ಒದ್ದೆ ಬಟ್ಟೆ ಬಳಸುತ್ತಿದ್ದೆ. ಅವತ್ತಿನಿಂದ ಮೆತ್ತನೆಯ ಬ್ರಷ್ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ.

ಹೆಸರಿನ ಕಥೆಯೂ ಅವರೇ ಹೇಳಿದ್ದು. ಈ ಆರು ಚುಕ್ಕೆಯ ಹುಳಕ್ಕೆ 1775ರಲ್ಲಿ ಫ್ಯಾಬ್ರಿಷಿಯಸ್ ಅನ್ನುವ ಕೀಟಶಾಸ್ತ್ರಜ್ಞರು ಹೆಸರಿಟ್ಟಾಗ ಕ್ಯಾರಬಸ್ ಅನ್ನುವ ಕುಲಕ್ಕೆ, ಅಂದರೆ ಹತ್ತಿರದ ಜಾತಿಗಳ ಗುಂಪಿಗೆ, ಸೇರಿಸಿದ್ದರು. ಆಗ ಇಂಥ ಹುಳವೆಲ್ಲ ಆ ಒಂದೇ ಕುಲಕ್ಕೆ ಹೋಗುತ್ತಿತ್ತು. 1801ರಲ್ಲಿ ವೇಬರ್ ಅನ್ನುವ ಇನ್ನೊಬ್ಬ ವಿಜ್ಞಾನಿ ಆಂಥಿಯಾ ಅನ್ನುವ ಕುಲವನ್ನು ಬೇರೆ ಮಾಡಿದರು. ಈಗ ಇದರ ಹೆಸರು ಆಂಥಿಯಾ ಸೆಕ್ಸ್‌ಗಟ್ಟಾಟಾ, ಅಂದರೆ ಲ್ಯಾಟಿನ್ನಿನಲ್ಲಿ ಆರು ಹನಿಯದು. ಈ ಕುಲದ ಹೆಚ್ಚಿನ ಜಾತಿಗಳು ಇರುವುದು ಆಫ್ರಿಕಾದಲ್ಲಿ. ಜಾತಿಯ ಹೆಸರಿನ ಮುಂದೆ ಅದನ್ನು ಇಟ್ಟವರ ಹೆಸರು, ಇಸವಿ ಬರೆಯುತ್ತಾರೆ. ಕುಲ ಬದಲಾದ್ದರಿಂದ ಇಲ್ಲಿ ಫ್ಯಾಬ್ರಿಷಿಯಸ್ ಹೆಸರನ್ನೂ ಇಸವಿಯನ್ನೂ ಬ್ರ್ಯಾಕೆಟ್ ಒಳಗೆ ಬರೆಯಬೇಕು. ನಾನು ಅದು ಸುಮ್ನೆ ಅಂದಕ್ಕೆ ಹಾಕಿದ್ದು ಅಂದುಕೊಂಡು ಬಿಟ್ಟುಬಿಟ್ಟಿದ್ದೆ!

ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದಾಗ ಒಂದು ಮಾತು ತಪ್ಪದೆ ಹೇಳುತ್ತೇನೆ. ಇದು ಹಾರುವುದಿಲ್ಲ, ಸಿಕ್ಕಿತು ಅಂತ ಬಗ್ಗಿ ಮುಖ ಹತ್ತಿರ ತರಬೇಡಿ. ಹೆದರಿದರೆ ಹಿಂಭಾಗದಿಂದ ಆಮ್ಲ ಚಿಮ್ಮಿಸುತ್ತದೆ. ಕೆಂಜಿಗ ಚಿಮ್ಮಿಸುವುದೂ ಅದೇ ಫಾರ್ಮಿಕ್ ಆಮ್ಲ, ಆದರೆ ಇದರದು ಪ್ರಮಾಣ ಜಾಸ್ತಿ. ಒಮ್ಮೆ ನನ್ನ ಕೈಗೆ ಬಿದ್ದು ಸಂಜೆವರೆಗೂ ಉರಿಯುತ್ತಿತ್ತು. ಕಣ್ಣಿಗೆ ಬಿದ್ದರೆ ಗತಿ ಏನು?

ಆ ಪರೀಕ್ಷೆ ಮುಗಿದ ವಾರ ರಜೆಯಲ್ಲೂ ಬಂದು ಪೆಟ್ಟಿಗೆಗಳನ್ನೆಲ್ಲ ತೆಗೆದು ಕೂತೆ. ಒಂದೊಂದನ್ನೂ ತಿರುಗಿಸಿದೆ, ಗೆಣ್ಣು ಎಣಿಸಿದೆ, ಚೀಟಿ ಬದಲಿಸಿದೆ. ರೆಕಾರ್ಡ್ ಬರೆದಿದ್ದ ಮಕ್ಕಳಲ್ಲಿ ಫೋನ್ ನಂಬರ್ ಸಿಕ್ಕವರಿಗೆ ತಪ್ಪು ನನ್ನದು ಅಂತ ತಿಳಿಸಿದೆ. ಹಳೇ ಚೀಟಿ ಹರಿದು ಹಾಕುವಾಗ ಒಂದು ಹುಳದ ಊರು, ತಾರೀಕು ಕೂಡ ಕಸಕ್ಕೆ ಹೋಗಿತ್ತು. ಅದು ಸಿಕ್ಕಿದ್ದು ಚಳ್ಳಕೆರೆಯಲ್ಲೋ ಹೊಸದುರ್ಗದಲ್ಲೋ ಹೇಳುವವರು ಈಗ ಯಾರೂ ಇಲ್ಲ. ಅದರ ಚೀಟಿಯಲ್ಲಿ ಜಾತಿಯ ಹೆಸರು ಬರೆದು, ಊರಿನ ಜಾಗ ಖಾಲಿ ಬಿಟ್ಟಿದ್ದೇನೆ.