ಸೊಳ್ಳೆ ಪ್ರಾಜೆಕ್ಟ್ ಅಪ್‌ಡೇಟ್: ಬಟ್ಟೆ ತಂತಿ ಕಂಬದೊಳಗೇ ಇತ್ತು!

ಸಿಕ್ತು ಕಣ್ರಪ್ಪಾ, ಕೊನೆಗೂ ಸಿಕ್ತು! ಮನೇಲಿ ಸೊಳ್ಳೆ ಹುಟ್ಟೋ ಜಾಗ ಹುಡುಕಿ ಮುಚ್ಚೋದೇ ನನ್ನ ಸೊಳ್ಳೆ ಪ್ರಾಜೆಕ್ಟು. ಮಳೆಗಾಲ ಶುರುವಾದಾಗಿಂದ ಟೆರೇಸ್ ಮೇಲಿನ ಟ್ರ್ಯಾಪ್‌ಗಳಿಗೆ ವಾರವಾರ ಬಂದು ಮೊಟ್ಟೆ ಇಟ್ಟು ಹೋಗ್ತಿದ್ದ, ಡೆಂಗಿ ಹರಡೋ ಈಡಿಸ್ ಸೊಳ್ಳೆಗಳು ಹುಟ್ತಿದ್ದಿದ್ದು ಬಟ್ಟೆ ಒಣಗ್ಹಾಕೋ ತಂತಿ ಕಟ್ಟಿರೋ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಕಂಬದ ಒಳಗೆ.

ಡ್ರಮ್‌ಗೆ ಮೆಶ್ ಕಟ್ಟೋದು, ಸಂಪಿನ ಮುಚ್ಚಳದ ಗ್ಯಾಪ್ ಮುಚ್ಚೋದು, ಕುಂಡದ ತಟ್ಟೆ, ಫ್ರಿಡ್ಜ್ ಹಿಂದಿನ ಟ್ರೇ, ಎಳನೀರು ಬುರುಡೆ, ಇವೆಲ್ಲ ನಿಮಗೆ ಗೊತ್ತಿರೋದೇ, ಮತ್ತೆ ಬರಿಯಲ್ಲ. ಆದ್ರೆ ಒಂದು ಮಾತು ಹೇಳ್ಲೇಬೇಕು, ಡ್ರಮ್ ನೀರು ಚೆಲ್ಲಿ ಬಿಟ್ರೆ ಸಾಲಲ್ಲ, ಒಳಗೆ ಬ್ರಷ್ ಹಾಕಿ ಉಜ್ಜಿ, ಯಾಕಂದ್ರೆ ಈಡಿಸ್ ಮೊಟ್ಟೆ ಇಡೋದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಗೋಡೆಗೆ ಅಂಟಿಸಿ, ಆ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಲೆ ಜೀವ ಹಿಡ್ಕೊಂಡಿರತ್ತೆ, ಆಮೇಲೆ ನೀರು ಮುಟ್ಟಿದ್ರೆ ಮರಿ (ಲಾರ್ವಾ) ಆಚೆ ಬರತ್ತೆ. ಅಲ್ಲಿಂದ ಹಾರೋ ಸೊಳ್ಳೆ ಆಗಕ್ಕೆ ನಮ್ಮ ಹವೆಗೆ ಸುಮಾರು 7ರಿಂದ 10 ದಿನ. ಅದಕ್ಕೇ ವಾರಕ್ಕೊಂದ್ಸಲ ಅನ್ನೋ ಲೆಕ್ಕ.

ಮೆಶ್ ಬಗ್ಗೆ ನಂಗೆ ಇನ್ನೂ ಸಿಟ್ಟಿದೆ. ಆನ್‌ಲೈನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಅಂತ ಬರ್ದಿರೋದನ್ನ ನೋಡಿ ತರಿಸಿದ್ದು, ಎರಡು ಜೋರು ಮಳೆಗೇ ತುಕ್ಕು ಹಿಡಿದು ಉದುರೋಯ್ತು. ರಿಟರ್ನ್ ಕೇಳಿದ್ರೆ ಕತ್ತರಿಸಿರೋ ಐಟಂ ತಗೊಳಲ್ಲ ಅಂತಾರೆ, ಕತ್ತರಿಸದೆ ಡ್ರಮ್‌ಗೆ ಹೆಂಗ್ರೀ ಕಟ್ಟೋದು? ಈಗ ಕಿಟಕಿಗೆ ಹಾಕೋ ಫೈಬರ್ ಮೆಶ್ಶು, ಸುತ್ತ ಸೈಕಲ್ ಟ್ಯೂಬಿನ ರಿಂಗು, ಗಟ್ಟಿಯಾಗಿ ಕೂತಿದೆ.

ಸರಿ, ಕಂಬದ ವಿಷಯಕ್ಕೆ ಬರ್ತೀನಿ. ಎಲ್ಲ ಮುಚ್ಚಿ ಆದ್ಮೇಲೂ ಅಮ್ಮ ಬೆಳಗ್ಗೆ ತುಳಸಿಗೆ ನೀರು ಹಾಕಕ್ಕೆ ಹೋದಾಗ ಕಾಲಿಗೆ ಕಚ್ಚಿಸ್ಕೊಂಡು ಬರೋರು. ಬೆಳಗ್ಗೆ ಮತ್ತೆ ಸಂಜೆಗೆ ಮುಂಚೆ ಕಚ್ಚತ್ತೆ ಅಂದ್ರೆ ಈಡಿಸ್ ಮೇಲೇ ಅನುಮಾನ. ಹೋದ ವರ್ಷ ಡೆಂಗಿ ಬಂದು ಅಮ್ಮ ಆಸ್ಪತ್ರೆಲಿ ಮಲಗಿದ್ದು ನೋಡಿದೀನಿ, ಮತ್ತೆ ನೋಡೋ ಶಕ್ತಿ ಇಲ್ಲ. ಹಾಗಾಗಿ ಟೆರೇಸಿನ ನಾಲ್ಕೂ ಮೂಲೆಗೆ ಓವಿಟ್ರ್ಯಾಪ್ (ಸೊಳ್ಳೆ ಬಂದು ಮೊಟ್ಟೆ ಇಡ್ಲಿ ಅಂತ ಇಡೋ ಟ್ರ್ಯಾಪ್) ಇಟ್ಟೆ, ಕಪ್ಪು ಮಗ್ಗು, ಹುಲ್ಲು ನೆನೆಸಿದ ನೀರು, ಒಳಗೆ ಒರಟು ಬಟ್ಟೆ ಪಟ್ಟಿ. (ಟ್ರ್ಯಾಪ್ ಇಡೋರು ದಯವಿಟ್ಟು ವಾರದೊಳಗೆ ಖಾಲಿ ಮಾಡಿ ಪಟ್ಟಿನ ಕುದಿಯೋ ನೀರಿಗೆ ಹಾಕಿ, ಮರೆತ್ರೆ ಸೊಳ್ಳೆ ಸಾಕಿದ ಹಾಗೇ ಆಗತ್ತೆ.) ಪಟ್ಟಿ ಮೇಲಿನ ಕಪ್ಪು ಚುಕ್ಕಿಗಳನ್ನ (ಅವೇ ಮೊಟ್ಟೆ) ಲೆನ್ಸಲ್ಲಿ ಎಣಿಸ್ತಾ ಹೋದ್ರೆ ಪ್ರತಿ ವಾರ ಈಶಾನ್ಯ ಮೂಲೆಲೇ ಜಾಸ್ತಿ. ಆ ಮೂಲೆಲಿ ಇರೋದು ಎರಡು ಕಂಬ, ಒಂದು ತಂತಿ, ಅಷ್ಟೇ. ನೀರು ನಿಲ್ಲೋ ಒಂದು ಸಾಮಾನೂ ಇಲ್ಲ!

ಸ್ಟೂಲ್ ಹತ್ತಿ ಕಂಬದ ತುದಿ ನೋಡಿದ್ರೆ ಬಾಯಿ ತೆರೆದಿದೆ, ಕೆಳಗೆ ಕಾಂಕ್ರೀಟಲ್ಲಿ ಹೂತಿದಾರೆ, ಮಳೆ ನೀರು ಹೋಗಕ್ಕೆ ದಾರಿನೇ ಇಲ್ಲ. ಟಾರ್ಚ್ ಬಿಟ್ರೆ ಬರೀ ನೀರು ಹೊಳೆಯತ್ತೆ, ನೆರಳು ಬಿದ್ದ ತಕ್ಷಣ ಮರಿಗಳು ತಳಕ್ಕೆ ಇಳಿದುಬಿಡ್ತವೆ. ಅಕ್ವೇರಿಯಂ ಏರ್ ಟ್ಯೂಬಿಗೆ ದಪ್ಪ ಸಿರಿಂಜ್ ಸಿಗಿಸಿ ಒಳಗೆ ಇಳಿಸಿ ಎಳೆದೆ, ಬಿಳಿ ಬೇಸಿನ್‌ಗೆ ಬಿಟ್ಟೆ, ಅಬ್ಬಾ, ತುಂಬ ಮರಿಗಳು! ತಲೆ ಕೆಳಗಾಗಿ ನೇತಾಡ್ತಿವೆ, ಉಸಿರಾಡೋ ಕೊಳವೆ ಮೋಟು, ಈಡಿಸೇ. (ಮಲೇರಿಯಾದ ಅನಾಫಿಲಿಸ್ ಆಗಿದ್ರೆ ನೀರಿನ ಮೇಲ್ಮೈಗೆ ಅಡ್ಡಡ್ಡ ಮಲಗಿರ್ತಿತ್ತು.) ಆ ಖುಷಿಗೆ ಟೆರೇಸಿಂದನೇ ಅಮ್ಮನ್ನ ಕೂಗಿ ಕರ್ದೆ.

ಮುಚ್ಚೋದು ಸುಲಭ ಅನ್ಕೋತೀರ ಅಲ್ವಾ? ಒಂದೂವರೆ ಇಂಚಿನ ಪೈಪು, ಒಂದೂವರೆ ಇಂಚಿನ ಕ್ಯಾಪ್ ಕೊಡಿ ಅಂದ್ರೆ ಹಾರ್ಡ್‌ವೇರ್ ಅಂಗಡಿಯೋರು ಜಿಐ ಕ್ಯಾಪ್ ಕೊಟ್ರು, ಅದು ಥ್ರೆಡ್ಡಿಂದು, ನಮ್ಮ ಕಂಬಕ್ಕೆ ಥ್ರೆಡ್ಡೇ ಇಲ್ಲ. ಆಮೇಲೆ ಬೂದು ಬಣ್ಣದ ಪಿವಿಸಿ ಕ್ಯಾಪ್ 40 ಎಂಎಂದು ಕೊಟ್ರು, ಹತ್ತಲ್ಲ, 50 ಎಂಎಂದು ಲೊಡಲೊಡ. ಕೌಂಟರಲ್ಲಿದ್ದ ಹುಡುಗ "ಟೇಪ್ ಸುತ್ತಿ ಸಾರ್, ಕೂರತ್ತೆ" ಅಂತಾನೆ. ವರ್ನಿಯರ್ ಕ್ಯಾಲಿಪರ್ (ವ್ಯಾಸ ಅಳೆಯೋ ಸಾಧನ) ಹಿಡಿದು ಅಳೆದಾಗ ವಿಷಯ ಬಿಡಿಸ್ಕೊಳ್ತು, ಒಂದೂವರೆ ಇಂಚು ಅನ್ನೋದು ಹೆಸರಿಗೆ, ಜಿಐ ಪೈಪಿನ ಹೊರವ್ಯಾಸ 48.3 ಎಂಎಂ. ಬೂದು ಪೈಪಿಗೆ ಹೊರವ್ಯಾಸದ ಮೇಲೇ ಸೈಜು, 40 ಅಂದ್ರೆ 40 ಎಂಎಂ, 50 ಅಂದ್ರೆ 50, ಹಾಗಾಗಿ ಅದು ಯಾವತ್ತೂ ಹೊಂದಲ್ಲ. ಆದ್ರೆ ಮನೆ ಪ್ಲಂಬಿಂಗ್‌ಗೆ ಬಳಸೋ ಬಿಳಿ ಯುಪಿವಿಸಿ ಒಂದೂವರೆ ಇಂಚಿನ ಪೈಪಿನ ಹೊರವ್ಯಾಸನೂ ಅದೇ 48.3! ಆ ಬಿಳಿ ಕ್ಯಾಪ್ ತಂದು, ಕಂಬದ ತುದಿ ತುಕ್ಕು, ಪೇಂಟು ಸ್ಯಾಂಡ್ ಪೇಪರಲ್ಲಿ ತೆಗೆದು, ಮರದ ತುಂಡು ಇಟ್ಟು ಎರಡೇಟು ಹಾಕಿದ್ರೆ ಬಿಗಿಯಾಗಿ ಕೂತ್ಕೊಳ್ತು. ತಂತಿ ಹೋಗೋ ಪಕ್ಕದ ತೂತಿಗೆ ಎಂ-ಸೀಲ್ ಪೇಸ್ಟ್ ಮೆತ್ತಿದೆ. ಮರಳು ತುಂಬೋದೂ ಒಂದು ದಾರಿ, ಆದ್ರೆ ಒದ್ದೆ ಮರಳು ಒಳಗಿಂದ ಪೈಪ್ ತಿನ್ನತ್ತೆ, ನನ್ನ ಓಟು ಕ್ಯಾಪಿಗೇ.

ಒಂದು ಕಂಬಕ್ಕೆ ಇಷ್ಟು ರಂಪಾಟ ಬೇಕಾ ಅಂತ ಪಕ್ಕದ ಮನೆ ಅಂಕಲ್ ಕೇಳಿದ್ರು. ಬೇಕು. 1883ರಲ್ಲಿ ರೊನಾಲ್ಡ್ ರಾಸ್ ಇದೇ ಬೆಂಗಳೂರಲ್ಲಿ ಸೇನೆಯ ವೈದ್ಯರಾಗಿದ್ದಾಗ, ಸೊಳ್ಳೆಗೆ ನೀರು ಸಿಗದ ಹಾಗೆ ಮಾಡಿದ್ರೆ ಅದರ ಕಾಟ ತಗ್ಗತ್ತೆ ಅಂತ ಗಮನಿಸಿದ್ರು, ಸಿಕಂದರಾಬಾದಲ್ಲಿ ಅನಾಫಿಲಿಸ್ ಒಳಗೆ ಮಲೇರಿಯಾ ಪರಾವಲಂಬಿ ಕಂಡಿದ್ದು ಆಮೇಲೆ, 1897ರಲ್ಲಿ. 2024ರಲ್ಲಂತೂ ನಮ್ಮ ಸರ್ಕಾರ ಡೆಂಗಿನ ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಹುಟ್ಟಕ್ಕೆ ಬಿಟ್ರೆ ಸಿಟಿ ಮನೆಗೆ 400 ರೂಪಾಯಿ, ಹಳ್ಳಿ ಮನೆಗೆ 200 ದಂಡ ಅಂತ ನಿಯಮ ತಂತು. ಲಾರ್ವಾ ನೋಡಕ್ಕೆ ಬರೋ ಆಶಾ ಅಕ್ಕನಿಗೆ ಕಂಬ ತೋರಿಸಿದೆ, ಇನ್ಮೇಲೆ ಬೇರೆ ಮನೆಗಳಲ್ಲೂ ತುದಿ ನೋಡ್ತೀನಿ ಅಂದ್ರು. ನಂಗೆ ಅದೇ ದೊಡ್ಡ ಸಂತೋಷ.

ಅಂದಹಾಗೆ ಹಳೇ ಸೈಕಲ್ ಬ್ರೇಕ್ ಕೇಬಲ್ ಇದ್ರೆ ಎಸೀಬೇಡಿ! ಮುಂದಿನ ಪ್ರಾಜೆಕ್ಟ್ ಗೇಟ್ ಪಕ್ಕ ಕಾಲಲ್ಲಿ ತುಳಿಯೋ ನಲ್ಲಿ. ಹೊರಗಿಂದ ಬಂದೋರು ಕೊಳೆ ಕೈಲಿ ನಲ್ಲಿ ತಿರುಗಿಸಿ, ಸೋಪು ಹಾಕಿ 20 ಸೆಕೆಂಡ್ ತೊಳೆದು, ಮತ್ತೆ ಅದೇ ಕೊಳೆ ನಲ್ಲಿ ಮುಟ್ಟೋದು ನಿಲ್ಬೇಕು. ಪ್ರೆಸ್ ಟ್ಯಾಪಿಗೆ (ಒತ್ತಿದ್ರೆ ನೀರು ಬರೋ ನಲ್ಲಿ) ಪೆಡಲ್, ನಡುವೆ ಸೈಕಲ್ ಬ್ರೇಕ್ ಕೇಬಲ್, ಸ್ಕೆಚ್ ರೆಡಿ, ಸ್ಪ್ರಿಂಗ್ ಎಷ್ಟು ಗಟ್ಟಿ ಬೇಕು ಅನ್ನೋದು ನೋಡ್ಬೇಕು, ಅಮ್ಮನ ಮಂಡಿಗೆ ಭಾರ ಆಗ್ಬಾರ್ದು.

ಕ್ಯಾಪ್ ಹಾಕಿದ್ಮೇಲೆ ಈಶಾನ್ಯ ಮೂಲೆ ಪಟ್ಟಿಲಿ ಮೊಟ್ಟೆ ತೀರಾ ಕಮ್ಮಿ ಆಗಿದೆ, ಪೂರ್ತಿ ನಿಂತಿಲ್ಲ. ಪಕ್ಕದ ಬಿಲ್ಡಿಂಗ್ ಟೆರೇಸಲ್ಲೂ ಬಾಯಿ ತೆರೆದ ಕಂಬ ಕಾಣ್ತಿವೆ, ಓನರ್ ಹತ್ರ ಮಾತಾಡಿದೀನಿ, ಭಾನುವಾರ ಕ್ಯಾಪ್ ತಗೊಂಡು ಹೋಗ್ತೀನಿ. ಅಲ್ಲಿರೋದು ಚೌಕದ ಪೈಪು, ಅದಕ್ಕೆ ಬಿಗಿಯಾಗಿ ಕೂರೋ ಕ್ಯಾಪ್ ಎಲ್ಲಿ ಸಿಗತ್ತೆ ಅಂತ ಗೊತ್ತಿದ್ರೆ ಸೈಜ್ ಸಮೇತ ಹೇಳಿ.