ಕಾಲೇಜು ಹುಡುಗರನ್ನು ಊಟಕ್ಕೆ ಕರೆಯೋಣ

ಕಾಲೇಜು ಮಕ್ಕಳಿಗೆ ಯೇಸುವಿನ ಬಗ್ಗೆ ಹೇಳುವುದು ಹೇಗೆ ಅನ್ನೋ ಮಾತು ನಮ್ಮ ಸಭೆಯ ಯುವಜನರ ಕೂಟದಲ್ಲಿ ಮತ್ತೆ ಬಂತು. ಗೇಟಿನ ಹತ್ತಿರ ಕರಪತ್ರ ಹಂಚುವುದನ್ನು ಇನ್ನು ನಿಲ್ಲಿಸೋಣ ಅಂತ ನನಗನ್ನಿಸುತ್ತದೆ. ತೆಗೆದುಕೊಳ್ಳುತ್ತಾರೆ, ಮಡಚಿ ಬ್ಯಾಗಿಗೆ ಹಾಕುತ್ತಾರೆ, ಅಲ್ಲಿಗೆ ಮುಗೀತು ಅಲ್ವಾ?

ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚಿನಲ್ಲಿ 1977ರಲ್ಲಿ ಶುರುವಾದ, ಕ್ರೈಸ್ತ ನಂಬಿಕೆಯನ್ನು ಪರಿಚಯಿಸುವ ಆಲ್ಫಾ ಕೋರ್ಸ್ ಮೊದಲು ಹೊಸ ವಿಶ್ವಾಸಿಗಳಿಗಷ್ಟೇ ಇತ್ತು, 1990ರಲ್ಲಿ ಅಲ್ಲಿನ ಪಾದ್ರಿ ನಿಕ್ಕಿ ಗಂಬೆಲ್ ವಹಿಸಿಕೊಂಡ ಮೇಲೆ ಚರ್ಚಿನ ಕಡೆ ತಲೆ ಹಾಕದವರಿಗೂ ಬಾಗಿಲು ತೆರೆಯಿತು. ಮೊದಲು ಒಟ್ಟಿಗೆ ಊಟ, ಆಮೇಲೆ ಚಿಕ್ಕದೊಂದು ಭಾಷಣ, ಆಮೇಲೆ ಸಣ್ಣ ಗುಂಪಿನಲ್ಲಿ ಮಾತುಕತೆ. ಯಾವ ಪ್ರಶ್ನೆ ಬೇಕಾದರೂ ಕೇಳಬಹುದು, ಒಪ್ಪದಿದ್ದರೂ ಸರಿ. ಇದೇ ನನಗೆ ಜಾಸ್ತಿ ಇಷ್ಟ. ದೇವರು ಇದ್ದರೆ ನಮ್ಮಮ್ಮನಿಗೆ ಯಾಕೆ ಹೀಗಾಯಿತು ಅಂತ ಕೇಳುವ ಹುಡುಗಿಗೆ ಬೈಬಲ್ ವಚನ ಒಪ್ಪಿಸುವ ಮೊದಲು ಪೂರ್ತಿ ಕೇಳಿಸಿಕೊಳ್ಳಬೇಕು.

ನಮ್ಮಲ್ಲೂ ಯುಇಎಸ್‌ಐ ಅನ್ನೋ ಕ್ರೈಸ್ತ ವಿದ್ಯಾರ್ಥಿ ಸಂಘಟನೆ 1954ರಿಂದ ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುತ್ತಿದೆ, ಕಲಿಯುವುದು ಬೇಕಾದಷ್ಟಿದೆ.

ಬೆಂಗಳೂರಿನ ಎಷ್ಟೋ ಪಿಜಿಗಳಲ್ಲಿ ಭಾನುವಾರ ರಾತ್ರಿ ಅಡುಗೆ ಇರುವುದಿಲ್ಲ. ಅವತ್ತೇ ಕರೆಯೋಣ. ಆದರೆ ಯಾತಕ್ಕೆ ಅಂತ ಮೊದಲೇ ಹೇಳಿಯೇ ಕರೆಯಬೇಕು, ಸುಮ್ನೆ ಊಟ ಅಂತ ಕರೆದು ಆಮೇಲೆ ಬೈಬಲ್ ತೆಗೆಯುವುದು ನನಗೆ ಒಪ್ಪಿಗೆ ಇಲ್ಲ. ಅಡುಗೆಗೆ ಯಾರು ಬರುತ್ತೀರಿ, ಹೇಳಿ.