ಲೈನಪ್ ಚೀಟಿ

ವಾಲಿಬಾಲ್ ಪಂದ್ಯದ ಮೂರನೇ, ಕೊನೆಯ ಸೆಟ್ಟು ಇನ್ನೇನು ಶುರುವಾಗಬೇಕು. ಎರಡನೇ ರೆಫ್ರಿ ಚೀಟಿ ಹಿಡಿದುಕೊಂಡು ನಮ್ಮ ಹುಡುಗರ ನಂಬರುಗಳನ್ನು ಒಂದೊಂದಾಗಿ ತಾಳೆ ನೋಡುತ್ತಿದ್ದವರು ನಡುವೆ ನಿಂತುಬಿಟ್ಟರು. ಚೀಟಿ ನೋಡಿದರು, ಹುಡುಗರನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಸರ್, ನೀವು ಬರೆದುಕೊಟ್ಟದ್ದು ಬೇರೆ ಉಂಟಲ್ಲ?"

ಪ್ರತಿ ಸೆಟ್ಟಿಗೆ ಮುಂಚೆ ಯಾವ ನಂಬರಿನವ ಯಾವ ಜಾಗದಲ್ಲಿ ಎಂದು ಕೋಚ್ ಬರೆದು, ಸಹಿ ಹಾಕಿ ಕೊಡಬೇಕು. ಕೊಟ್ಟ ಮೇಲೆ ತಿದ್ದುವ ಹಾಗಿಲ್ಲ; ಸರ್ವಿಸ್ ನಮಗೆ ತಿರುಗಿ ಬಂದಾಗಲೆಲ್ಲ ಹುಡುಗರು ಒಂದೊಂದು ಮನೆ ಸರಿಯುವುದೂ ಆ ಚೀಟಿಯ ಪ್ರಕಾರವೇ. ನಾನು 3 ಮತ್ತು 8ನ್ನು ಅದಲು ಬದಲು ಬರೆದಿದ್ದೆ. 3 ನಮ್ಮ ಲಿಫ್ಟರ್, ಅಂದರೆ ಹೊಡೆಯುವವರಿಗೆ ಬಾಲು ಎತ್ತಿಕೊಡುವವ, ಕ್ಯಾಪ್ಟನ್ ಕೂಡ. 8 ನಡುವಿನ ಬ್ಲಾಕರ್. ಲಿಫ್ಟರ್ ಹಿಂದಿದ್ದಾಗ ಮುಂದೆ ಇರಬೇಕಾದ ನಮ್ಮ ಗಟ್ಟಿ ಅಟ್ಯಾಕರ್, ನನ್ನ ಚೀಟಿಯಲ್ಲಿ ಅವನ ಪಕ್ಕಕ್ಕೇ ಬಂದು ನಿಂತಿದ್ದ.

ಎರಡನೇ ಸೆಟ್ಟು 23-25ರಲ್ಲಿ ಕೈಬಿಟ್ಟ ಸಿಟ್ಟಿನಲ್ಲಿ, ಒಂದು ಕೈಯಲ್ಲಿ ಬರೆಯುತ್ತಾ ಇನ್ನೊಂದು ಕೈ ಬೀಸಿ ಹುಡುಗರಿಗೆ ಬೈಯುತ್ತಿದ್ದೆ. ಕ್ಯಾಪ್ಟನ್ "ಸರ್..." ಅಂದ ನೆನಪು. "ಮೊದಲು ನೀರು ಕುಡಿ" ಅಂದಿದ್ದೆ.

ಆರ್ಡರಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕ, ಊರಿಗೆಲ್ಲ ಪಿ.ಟಿ. ಸರ್. ನಾನು ಆಡುವ ಕಾಲಕ್ಕೆ ಸರ್ವಿಸ್ ಮಾಡಿದವರಿಗೆ ಮಾತ್ರ ಪಾಯಿಂಟು, ಸೆಟ್ಟು 15ಕ್ಕೆ. ಕೆಲಸಕ್ಕೆ ಸೇರುವ ಹೊತ್ತಿಗೆ ಪ್ರತಿ ರ‍್ಯಾಲಿಗೂ ಪಾಯಿಂಟು, ಸೆಟ್ಟು 25ಕ್ಕೆ, ಕೊನೆಯ ನಿರ್ಣಾಯಕ ಸೆಟ್ಟು ಮಾತ್ರ 15ಕ್ಕೆ. ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಷ್ಟೇ ಆಡುವ ಲಿಬೆರೋ ಬೇರೆ. ಕಲಿತದ್ದನ್ನು ಮರೆತು ಕಲಿಸಬೇಕಾಯಿತು. ಉಳಿದಂತೆ ಮಳೆಗಾಲ ಮುಗಿದ ಮೇಲೆ ಕೋರ್ಟಿನ ಹುಲ್ಲು ಕೆರೆಸುವುದು, 18ಕ್ಕೆ 9 ಮೀಟರ್ ಸುಣ್ಣದ ಗೆರೆ ಎಳೆಸುವುದು, ನೆಟ್ಟು 2.43ಕ್ಕೆ ಸರಿಯಾಗಿ ನಿಂತಿದೆಯೇ ಎಂದು ಕೋಲಿಟ್ಟು ನೋಡುವುದು, ಹಾಜರಿ ಕೊರತೆಯಾದ ಹುಡುಗರ ಪರವಾಗಿ ಲೆಕ್ಚರರುಗಳ ಮುಂದೆ ಕೈಕಟ್ಟಿ ನಿಲ್ಲುವುದು. ಹುಡುಗರೋ, ಶನಿವಾರ ರಾತ್ರಿಯಿಡೀ ಯಾವುದೋ ಗದ್ದೆಯಲ್ಲಿ ಹೊನಲು ಬೆಳಕಿನ ಪಂದ್ಯಾಟ ಆಡಿ, ಸೋಮವಾರ ಭುಜ ಹಿಡಿದುಕೊಂಡು ಬರುವವರು. ಬೈಯುತ್ತೇನೆ. ಆದರೆ ನಮ್ಮ ಕರಾವಳಿಯಲ್ಲಿ ಆಟಗಾರರನ್ನು ತಯಾರು ಮಾಡುವುದು ಆ ಗದ್ದೆಗಳೇ. ಕಾಲೇಜಿನವರು ನಾವು ಬಹುಪಾಲು ಸರ್ಟಿಫಿಕೇಟ್ ಕೊಡುವವರು.

ಆ ದಿನ ನನಗಿದ್ದ ದಾರಿ ಎರಡು. ತಪ್ಪು ಜಾಗದಲ್ಲೇ ಆಡಿಸುವುದು, ಇಲ್ಲವೇ 3 ಮತ್ತು 8 ಇಬ್ಬರನ್ನೂ ಹೊರಗೆ ಕರೆದು ಆ ಜಾಗಗಳಿಗೆ ಬದಲಿಯವರನ್ನು ಹಾಕುವುದು. ಬದಲಿ ಲಿಫ್ಟರ್ ಎಂದರೆ 11, ಮೊದಲ ವರ್ಷದ ಹುಡುಗ. ಅಲ್ಲಿಯವರೆಗೆ ಅವನ ಕೆಲಸ ಬಾಲಿನ ಚೀಲ ಹೊರುವುದಷ್ಟೇ. ಹೆಸರು ಕರೆದಾಗ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ.

ಅಂಗೈಗಳನ್ನು ಚಡ್ಡಿಗೆ ಎರಡೆರಡು ಸಲ ಒರೆಸಿಕೊಂಡು ಒಳಗೆ ಹೋದ. ಮೊದಲ ಲಿಫ್ಟು ನೆಟ್ಟು ದಾಟಿ ಎದುರಿನವರ ಕೈಗೇ ಹೋಯಿತು. ಎರಡನೆಯದು ಡಬಲ್ ಟಚ್, ಬಾಲು ಕೈಗೆ ಎರಡು ಸಲ ತಾಗಿ ಫೌಲ್. ಕೋರ್ಟು ಬದಲಾಯಿಸುವಾಗ ನಾವು 4-8. ಪ್ರತಿ ಪಾಯಿಂಟಿಗೂ ಅವನು ಬೆಂಚಿನ ಕಡೆ ನೋಡುತ್ತಿದ್ದ, ನನ್ನನ್ನಲ್ಲ, ಕ್ಯಾಪ್ಟನ್‌ನನ್ನು. "ಬಾಲ್ ನೋಡು ಮಾರಾಯ, ನನ್ನನ್ನು ಎಂತಕ್ಕೆ ನೋಡ್ತಿ!" ಅಂತ ಇವನು ಟವೆಲ್ ಹಿಂಡುತ್ತಾ ಕೂಗುತ್ತಿದ್ದ. ಆಮೇಲಾಮೇಲೆ ಹುಡುಗನ ಬೆರಳು ಪಳಗಿತು, 12ರವರೆಗೆ ಎಳೆದ. ಸೋತದ್ದು 12-15ಕ್ಕೆ.

ವಾಪಸು ಬರುವಾಗ ಬಸ್ಸಿನಲ್ಲಿ ಎದ್ದು ನಿಂತು ಹೇಳಿದೆ, ತಪ್ಪು ನನ್ನದು ಎಂದು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕ್ಯಾಪ್ಟನ್ ನನ್ನ ಪಕ್ಕದ ಸೀಟಿಗೆ ಬಂದ.

"ನಾನು ಚೀಟಿ ನೋಡಿದ್ದೆ ಸರ್."

"ಮತ್ತೆ ಹೇಳಲಿಕ್ಕೆ ಏನಾಗಿತ್ತು?"

"ಬೈತೀರಿ ಅಂತ ಸುಮ್ಮನಾದೆ."

ಅಷ್ಟರಲ್ಲಿ ಬಿ.ಸಿ.ರೋಡು ಬಂತು. ಅವರೆಲ್ಲ ಗೋಳಿಬಜೆ ತಿನ್ನಲು ಇಳಿದರು. ನಾನು ಸೀಟಿನಲ್ಲೇ ಕೂತು ಟಿ.ಎ. (ಪ್ರಯಾಣ ಭತ್ಯೆ) ಬಿಲ್ಲಿಗೆ ಹನ್ನೆರಡು ಜನರ ಹೆಸರು ಬರೆಯತೊಡಗಿದೆ, ಒಂದೊಂದನ್ನೂ ಎರಡೆರಡು ಸಲ ನೋಡಿ.